ಓದಲಾಗಿದೆ

ನನಗೆ ಪುಸ್ತಕ ಓದುವ ಹುಚ್ಚು ಯಾವತ್ತೂ ಇರಲಿಲ್ಲ, ಪುಸ್ತಕ ಉಳಿಸುವ ಹುಚ್ಚಿತ್ತು. ಮೂರನೇ ಇಯತ್ತೆಯಲ್ಲಿದ್ದಾಗಲೇ ಅಕ್ಕಂದಿರ ಹರಿದ ಪಠ್ಯಪುಸ್ತಕಗಳನ್ನು ಅನ್ನದ ಅಗುಳಿನಿಂದ ಅಂಟಿಸಿ, ಹಳೇ ಕ್ಯಾಲೆಂಡರಿನ ರಟ್ಟು ಹಾಕಿ, ಮೇಲೆ ರುಬ್ಬುಗುಂಡು ಹೇರಿ ಇಡುತ್ತಿದ್ದೆ. ಒಳಗೆ ಏನಿದೆ ಎಂದು ಯಾರಾದರೂ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ‘ಇವಳೊಬ್ಬಳು ಸೂಲಗಿತ್ತಿ, ಕೂಸು ಯಾರದಾದರೆ ಇವಳಿಗೇನು’ ಎಂದು ಅಮ್ಮ ನಗುತ್ತಿದ್ದಳು. ಮುಂದೆ ಗ್ರಂಥಾಲಯ ವಿಜ್ಞಾನ ಓದಿದೆ. ಹಳೆಯ ಕಾಗದ ಕಾಪಾಡುವ ಆರು ತಿಂಗಳ ತರಬೇತಿಯನ್ನೂ ಮುಗಿಸಿದೆ. ಮೊದಲ ನೌಕರಿಗೆಂದು ಆ ಊರಿನಲ್ಲಿ ಬಸ್ಸಿಳಿದಾಗ ನನ್ನ ಟ್ರಂಕಿನಲ್ಲಿ ಬಟ್ಟೆಗಿಂತ ಹೆಚ್ಚಾಗಿ ಇದ್ದದ್ದು ಬ್ರಷ್ಷು, ಬ್ಲಾಟಿಂಗ್ ಹಾಳೆ, ಭೂತಗನ್ನಡಿ, ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳುವಾದ ಕಾಗದದ ಸುರುಳಿ.

ಆ ಊರಿನಲ್ಲಿ ಒಂದು ವರ್ಷ ಯಾರೂ ಓದದ ಅಕ್ಷರ ನಿಲ್ಲುವುದಿಲ್ಲ, ಉದುರಿಹೋಗುತ್ತದೆ. ಊರಿನವರಿಗೆ ಇದೊಂದು ದೊಡ್ಡ ಸಂಗತಿಯೇ ಅಲ್ಲ. ನಾವು ವರ್ಷಕ್ಕೊಮ್ಮೆ ಗೋಡೆಗೆ ಸುಣ್ಣ ಬಳಿಯುವ ಹಾಗೆ ಅವರು ವರ್ಷಕ್ಕೊಮ್ಮೆ ಮನೆಯ ಕಾಗದಪತ್ರಗಳನ್ನು ಅಂಗಳಕ್ಕೆ ತಂದು ಓದಿಕೊಳ್ಳುತ್ತಾರೆ. ಗಂಡನ ಮನೆಗೆ ಹೊರಟ ಹುಡುಗಿ ತನ್ನ ಹಳೆಯ ಪತ್ರಗಳನ್ನು ತಂಗಿಯ ಕೈಗಿಟ್ಟು, ಮರೆಯಬೇಡವೆಂದು ಆಣೆ ಹಾಕಿಸಿಕೊಂಡು ಹೋಗುತ್ತಾಳೆ. ಬೆಳಿಗ್ಗೆ ಹಾಲಿಗೆ ಹೋಗುವ ಮುದುಕರು ದಾರಿಯುದ್ದಕ್ಕೂ ಮುಚ್ಚಿದ ಅಂಗಡಿಗಳ ಬೋರ್ಡುಗಳನ್ನು ಗಟ್ಟಿಯಾಗಿ ಓದಿಕೊಂಡು ಹೋಗುತ್ತಾರೆ. ಯಜಮಾನ ಸತ್ತು ಇಪ್ಪತ್ತು ವರ್ಷವಾದ ದರ್ಜಿ ಅಂಗಡಿಯ ಹೆಸರು ಹೀಗೆಯೇ ಉಳಿದುಕೊಂಡಿದೆ. ಜಗಳವಾಡಿದ ನೆರೆಹೊರೆಯವರು ಒಬ್ಬರ ಮನೆಯ ಹೆಸರನ್ನು ಇನ್ನೊಬ್ಬರು ಓದುವುದನ್ನು ಬಿಡುತ್ತಾರೆ. ಅಕ್ಷರ ಬಾರದ ಮನೆಗಳವರು ತಮ್ಮ ಕಾಗದಗಳನ್ನು ಗ್ರಂಥಾಲಯಕ್ಕೆ ಒಪ್ಪಿಸುತ್ತಾರೆ. ಒಳಕೋಣೆಯಲ್ಲಿ ಅದಕ್ಕೆಂದೇ ಒಂದು ಸಾಗವಾನಿ ಕಪಾಟಿದೆ, ಮನೆಕಪಾಟು ಎಂದು ಹೆಸರು. ಅದರಲ್ಲಿರುವುದನ್ನು ಗ್ರಂಥಾಲಯದವರು ಓದುತ್ತಾರೆ, ಮನೆಯವರು ಬೇಕೆನಿಸಿದರೆ ಎದುರಿನ ಬೆಂಚಿನ ಮೇಲೆ ಕುಳಿತು ಕೇಳುತ್ತಾರೆ.

ಓದುವುದಕ್ಕೆಂದೇ ಆ ಗ್ರಂಥಾಲಯದಲ್ಲಿ ಒಂಬತ್ತು ಹುದ್ದೆಗಳಿದ್ದವು. ನಾನು ಸೇರಿದಾಗ ಕೆಲಸದಲ್ಲಿದ್ದವರು ಪದ್ಮಣ್ಣ ಸರ್ ಒಬ್ಬರೇ. ಗ್ರಂಥಪಾಲಕರೂ ಅವರೇ, ಓದುವವರೂ ಅವರೇ. ಜೊತೆಗಿದ್ದ ಕಲ್ಲಪ್ಪ ಮಾಸ್ತರರು ಶ್ರಾವಣದಲ್ಲಿ ತೀರಿಹೋಗಿದ್ದರು, ಅವರ ಕುರ್ಚಿ ನನ್ನ ಪಾಲಿಗೆ ಬಂತು. ದಿನಕ್ಕೆ ಇಬ್ಬರೂ ಸೇರಿ ಎಷ್ಟೇ ಓದಿದರೂ ವರ್ಷದ ಕೊನೆಗೆ ನಾಲ್ಕೈದು ಸಾವಿರ ಪುಸ್ತಕ ಕೈತಪ್ಪುತ್ತಿದ್ದವು. ಬೆಳಿಗ್ಗೆ ಜವಾನ ಮೌನೇಶಪ್ಪ ಬಾಗಿಲು ತೆರೆದ ಕೂಡಲೇ ಕಪಾಟುಗಳ ಬುಡದಲ್ಲಿ ಬಿದ್ದಿರುತ್ತಿದ್ದ ಕರಿಯ ಪುಡಿಯನ್ನು ಗುಡಿಸಿ ಹಿತ್ತಲಿನ ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದ. ಐವತ್ತೈದು ದಾಟಿದ, ಮಾತಿಗೊಮ್ಮೆ ನಗುವ ಮನುಷ್ಯ. ‘ಇಷ್ಟ ಓದಿದ ಗಿಡಾ ಎಲ್ಲೂ ಇಲ್ರಿ ಅಕ್ಕೋರ, ಒಗ್ಗರಣಿಗೆ ಹಾಕಿದ್ರ ಶ್ಲೋಕಾ ಹೇಳತೈತಿ’ ಎನ್ನುತ್ತಿದ್ದ. ಮೊದಲ ವಾರ ನಾನು ಆ ಪುಡಿಯನ್ನು ತುಳಿಯದೆ ದಾಟಿಕೊಂಡು ಹೋಗುತ್ತಿದ್ದೆ. ಆಮೇಲೆ ರೂಢಿಯಾಯಿತು.

ಪದ್ಮಣ್ಣ ಸರ್ ಮೊದಲ ದಿನವೇ ನನ್ನನ್ನು ಎದುರಿಗೆ ಕೂರಿಸಿಕೊಂಡು ಒಂದು ಮಾತು ಹೇಳಿದ್ದರು. ‘ಬರೇ ಕಣ್ಣಾಡಿಸಿದ್ರ ಆಗೂದಿಲ್ರಿ ಬಾಯಾರ. ಅದರಾಗಿನ ಮಾತು ನಿಮ್ಮೊಳಗ ಇಳೀಬೇಕು. ಇಳಿಲಿಲ್ಲ ಅಂದ್ರ ಅಕ್ಷರಕ್ಕ ಗೊತ್ತಾಗ್ತದ.’ ನಾನು ತಲೆಯಾಡಿಸಿದೆ. ಓದಿ ಓದಿ ಮರುಳಾದ ಕೂಚುಭಟ್ಟರ ಮಾತು ಎಂದು ಒಳಗೊಳಗೇ ನಕ್ಕೆ. ದಿನವಿಡೀ ತುಟಿ ಅಲ್ಲಾಡಿಸುತ್ತ ಕೂರುವ ಆ ಮುದುಕ, ಗೆದ್ದಲು ತಿಂದ ರಟ್ಟು, ತುಕ್ಕು ಹಿಡಿದ ಪಿನ್ನು, ಹಪ್ಪಳದಂತೆ ಮುರಿಯುವ ಹಾಳೆ ಯಾವುದರ ಕಡೆಗೂ ನೋಡುತ್ತಿರಲಿಲ್ಲ. ಪುಸ್ತಕವೇ ಪುಡಿಯಾದರೆ ಅಕ್ಷರ ಎಲ್ಲಿ ನಿಲ್ಲುತ್ತದೆ? ಇದನ್ನು ನಾನು ಕೇಳಿಯೂ ಕೇಳಿದೆ. ‘ಅದೂ ಖರೇನ’ ಎಂದರು. ಹಿಂದಿನ ಸಾಮಾನು ಕೋಣೆಯನ್ನು ರಿಪೇರಿಗೆಂದು ಬಿಟ್ಟುಕೊಟ್ಟರು. ಅಲ್ಲೊಂದು ಹಳೆಯ ಕಬ್ಬಿಣದ ಪ್ರೆಸ್ಸಿತ್ತು, ಮೇಲಿನ ಚಕ್ರ ತಿರುಗಿಸಿದರೆ ಎರಡು ಹಲಗೆಗಳ ನಡುವೆ ಪುಸ್ತಕವನ್ನು ಒತ್ತಿ ಹಿಡಿಯುವಂಥದ್ದು. ಅದಕ್ಕೆ ಎಣ್ಣೆ ಹಾಕಿದೆ. ಚಕ್ರ ತಿರುಗಿದಾಗ ನನಗಾದ ಸಂತೋಷ ಯಾವ ಪುಸ್ತಕದಿಂದಲೂ ಆಗಿರಲಿಲ್ಲ.

ಮೊದಲ ದೊಡ್ಡ ಕೆಲಸಕ್ಕೆ ನಾನು ಆರಿಸಿಕೊಂಡದ್ದು ಮನೆಕಪಾಟಿನ ಒಂದು ಶಾಲಾ ನೋಟ್‌ಬುಕ್ಕನ್ನು. ತೊಂಬತ್ತೆರಡು ಹಾಳೆ, ಅಗ್ಗದ ಕಾಗದ, ಸೀಸದಕಡ್ಡಿಯ ಬರಹ. ಅದಕ್ಕಿಂತ ಕೆಟ್ಟ ಸ್ಥಿತಿಯಲ್ಲಿ ಇಡೀ ಗ್ರಂಥಾಲಯದಲ್ಲಿ ಇನ್ನೊಂದಿರಲಿಲ್ಲ, ಅದಕ್ಕೇ ಆರಿಸಿದೆ. ಇದನ್ನು ಉಳಿಸಿ ತೋರಿಸಿದರೆ ಪದ್ಮಣ್ಣ ಸರ್ ಬಾಯಿ ಮುಚ್ಚುತ್ತಾರೆ ಎಂಬ ಹಟವೂ ಇತ್ತು. ಯಾರದು ಎಂದು ಮೌನೇಶಪ್ಪನನ್ನು ಕೇಳಿದೆ. ‘ಚುರುಮುರಿ ಭಟ್ಟಿ ಫಕೀರವ್ವನ ಮಗಳದ್ರಿ, ಸಾವಂತ್ರೀದು’ ಎಂದ. ಹುಡುಗಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಮಾತೂ ಇರಲಿಲ್ಲ. ಬೇರೆ ಊರಿನ ಶಾಲೆಯಲ್ಲಿ ನಾಲ್ಕು ವರ್ಷ ಇಟ್ಟು ಅಕ್ಷರ ಕಲಿಸಿದ್ದರು. ತಿರುಗಿ ಬಂದ ಮೇಲೆ ಭಟ್ಟಿಯ ಹೊಗೆಯಲ್ಲಿ ಕುಳಿತು, ತಾಯಿಗೆ ಹೇಳಬೇಕಾದದ್ದನ್ನೆಲ್ಲ ಈ ನೋಟ್‌ಬುಕ್ಕಿನಲ್ಲಿ ಬರೆದಳಂತೆ. ತಾಯಿಗೆ ಓದು ಬರುತ್ತಿರಲಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಜ್ವರ ಬಂದು ಹುಡುಗಿ ಹೋದಳು. ವರ್ಷಕ್ಕೊಂದು ಸಲ, ಅವಳು ಹೋದ ದಿನ, ಮಾರ್ಚ್ ಹನ್ನೊಂದಕ್ಕೆ ಫಕೀರವ್ವ ಬೆಂಚಿನ ಮೇಲೆ ಬಂದು ಕೂರುತ್ತಾಳೆ, ಕಲ್ಲಪ್ಪ ಮಾಸ್ತರರು ಮೊದಲಿನಿಂದ ಕೊನೆಯವರೆಗೆ ಓದುತ್ತಾರೆ. ಒಂಬತ್ತು ವರ್ಷದಿಂದ ಹೀಗೇ ನಡೆದಿತ್ತು. ಇದನ್ನೆಲ್ಲ ಮೌನೇಶಪ್ಪ ಹೇಳುವಾಗ ನಾನು ನೋಟ್‌ಬುಕ್ಕಿನ ಬೆನ್ನಿನ ತುಕ್ಕಿನ ಪಿನ್ನು ಕೀಳುತ್ತಿದ್ದೆ.

ಫೆಬ್ರವರಿಯಲ್ಲಿ ಕೆಲಸ ಶುರುಮಾಡಿದೆ. ಕಲಿತ ಕ್ರಮದಂತೆ ಮೊದಲು ಪ್ರತಿ ಹಾಳೆಯನ್ನೂ ಭೂತಗನ್ನಡಿ ಹಿಡಿದು ಪರೀಕ್ಷಿಸಿದೆ. ಎಲ್ಲಿ ರಂಧ್ರ, ಎಲ್ಲಿ ಕಲೆ, ಎಲ್ಲಿ ಬರಹ ಮಸುಕು, ಎಲ್ಲವನ್ನೂ ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಮೂರು ದಿನ ಹಿಡಿಯಿತು. ಆ ನೋಟ್‌ಬುಕ್ಕಿನ ಒಂದೊಂದು ಅಕ್ಷರದ ಮೇಲೂ ನನ್ನ ಕಣ್ಣು ಹಾದಿದೆ, ಇದು ದೇವರಾಣೆಗೂ ನಿಜ. ‘ಕ’ದ ತಲೆಕಟ್ಟು ಎಷ್ಟು ಮಾಸಿದೆ ಎಂದು ನೋಡಿದೆ, ಅದು ಯಾವ ಪದದ ‘ಕ’ ಎಂದು ನೋಡಲಿಲ್ಲ. ಕೊನೆಯಲ್ಲಿ ಹಿಂದಿನ ರಟ್ಟಿಗೆ ಅಂಟಿಸಿದ, ಓದಿದವರು ತಾರೀಕು ಬರೆದು ರುಜು ಹಾಕುವ ಓದುಚೀಟಿ ಎದುರಾಯಿತು. ಕಲ್ಲಪ್ಪ ಮಾಸ್ತರರ ಒಂಬತ್ತು ರುಜುಗಳ ಕೆಳಗೆ ಖಾಲಿ ಮನೆಯೊಂದಿತ್ತು. ಇಷ್ಟು ನೋಡಿದ್ದು ಓದಿದ ಹಾಗೆಯೇ ಅಲ್ಲವೇ ಎಂದುಕೊಂಡು ‘ಫೆಬ್ರವರಿ 20, ಓದಲಾಗಿದೆ’ ಎಂದು ಬರೆದು ‘ಕುಮುದಿನಿ’ ಎಂದು ರುಜು ಹಾಕಿದೆ. ಬರೆಯುವಾಗ ಅನುಮಾನಿಸಲಿಲ್ಲ. ಅನುಮಾನಿಸಿದ್ದೆ ಎಂದು ಹೇಳಿಕೊಳ್ಳಬಹುದಾಗಿದ್ದರೆ ಚೆನ್ನಾಗಿತ್ತು.

ಮುಂದಿನದೆಲ್ಲ ಹಸ್ತಕೌಶಲ. ಹಾಳೆ ಬಿಡಿಸಿದೆ, ನೀರಿನಲ್ಲಿ ಒಂದೊಂದಾಗಿ ತೊಳೆದೆ. ಸೀಸದಕಡ್ಡಿಯ ಬರಹವಾದ್ದರಿಂದ ಕದಡಲಿಲ್ಲ. ಸೋಸಿದ ಮೈದಾ ಅಂಟಿನಿಂದ ಹರಿದಲ್ಲೆಲ್ಲ ತೆಳುಕಾಗದ ಕೂರಿಸಿದೆ, ನೂಲಿನಿಂದ ಹೊಲಿದೆ. ಬ್ಲಾಟಿಂಗ್ ಹಾಳೆಗಳ ನಡುವೆ ಇಟ್ಟು ಪ್ರೆಸ್ಸಿನ ಚಕ್ರ ಬಿಗಿ ಮಾಡಿದಾಗ ಮಾರ್ಚ್ ಒಂಬತ್ತು. ಆರು ದಿನ ಅಲುಗಾಡಿಸಬಾರದು.

ಹನ್ನೊಂದು ಗುರುವಾರ ಬಂತು. ಬೆಳಿಗ್ಗೆ ಹತ್ತೂವರೆಗೆ ಅರವತ್ತರ ಆಸುಪಾಸಿನ ಹೆಂಗಸು ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ್ದಳು, ಇಳಕಲ್ ಸೀರೆಯ ಮಡಿಕೆ ಇನ್ನೂ ಮುರಿದಿರಲಿಲ್ಲ. ಹೊಗೆ ತಿಂದು ಕೆಂಪಾದ ಕಣ್ಣು. ಕೈಯಲ್ಲಿ ಒಂದು ಚೀಲ ಚುರುಮುರಿ.

‘ನಾ ಫಕೀರವ್ವರಿ, ಸಾವಂತ್ರಿ ತಾಯಿ. ಇವತ್ತ ಆಕಿ ಮಾತ ಕೇಳೂ ದಿನಾ. ಮಾಸ್ತರ ಜಾಗಾದಾಗ ನೀವ ಬಂದೀರಂತಲ್ರಿ.’

‘ನೋಟ್‌ಬುಕ್ ಪ್ರೆಸ್ಸಿನಲ್ಲಿದೆ ಅಮ್ಮಾ. ಪೂರ್ತಿ ರಿಪೇರಿ ಮಾಡಿದ್ದೇನೆ, ಇನ್ನೂ ಹಸಿ ಇದೆ. ಸೋಮವಾರ ಬನ್ನಿ, ಓದಿ ಹೇಳುತ್ತೇನೆ.’

‘ಇವತ್ತಿಗೆ ವರ್ಷಾತಲ್ರಿ?’ ಅವಳ ಮುಖ ಇಳಿಯಿತು. ‘ಉದರಂಗಿಲ್ಲೇನ್ರಿ?’

‘ವರ್ಷ ಎಲ್ಲಿ ಆಯಿತು? ಫೆಬ್ರವರಿಯಲ್ಲಿ ನಾನೇ ಓದಿದ್ದೇನೆ. ಇಲ್ಲಿ ನೋಡಿ’ ಎಂದು, ರಟ್ಟಿನಿಂದ ಬಿಡಿಸಿ ಇಟ್ಟಿದ್ದ ಚೀಟಿ ತೋರಿಸಿದೆ. ಅವಳು ನನ್ನ ರುಜುವಿನ ಮೇಲೆ ಬೆರಳಿಟ್ಟು ಮುಟ್ಟಿದಳು.

‘ನೀವ ಓದೀರಿ? ಎಲ್ಲಾನೂ?’

‘ಎಲ್ಲಾ.’

‘ಹಸರ ಲಂಗಾದ ಸಲುವಾಗಿ ನನ್ನ ಬೈದಿದ್ದು?’

‘ಹ್ಞೂಂ.’

ಫಕೀರವ್ವ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು. ‘ಭಾಳ ಜೋರದಾಳ್ರಿ ನಮ್ಮ ಹುಡುಗಿ. ಅದನ್ನ ಓದೂಮುಂದ ಮಾಸ್ತರಿಗೂ ನಗಿ ತಡೀತಿದ್ದಿಲ್ಲ.’ ನಾನೂ ನಕ್ಕೆ. ಯಾತಕ್ಕೆ ನಗುತ್ತಿದ್ದೇನೆಂದು ತಿಳಿಯದೆ, ಒಬ್ಬ ತಾಯಿಯ ಎದುರು ನಿಂತು ನಕ್ಕೆ. ಅವಳು ಚುರುಮುರಿ ಚೀಲವನ್ನು ನನ್ನ ಮೇಜಿನ ಮೇಲಿಟ್ಟು ಹೋದಳು.

ಮೂಲೆಯಲ್ಲಿ ಪುಸ್ತಕ ಜೋಡಿಸುತ್ತಿದ್ದ ಮೌನೇಶಪ್ಪ ಹತ್ತಿರ ಬಂದ. ‘ಬಿಚ್ಚರಿ ಅಕ್ಕೋರ. ನಾಕ ಹಾಳಿ ಮುದುಡಿದ್ರ ಮುದುಡ್ತಾವ, ಹೋಗ್ಲಿ. ಇವತ್ತ ಕೂತು ಒಂದಸಲ ಓದಿಬಿಡ್ರಿ, ಯಾಕ ಬೇಕು.’

‘ಇಪ್ಪತ್ತು ದಿನದ ಕೆಲಸ ಮೌನೇಶಪ್ಪ. ಓದಿದ್ದೇನೆ ಅಂದರೆ ಓದಿದ್ದೇನೆ’ ಎಂದು ರೇಗಿದೆ. ಅವನು ತಿರುಗಿ ಹೋಗಿ ಪುಸ್ತಕ ಜೋಡಿಸತೊಡಗಿದ. ಶುಕ್ರವಾರ, ಶನಿವಾರ ನಾನು ಪ್ರೆಸ್ಸಿನ ಕೋಣೆಗೆ ನಾಲ್ಕಾರು ಸಲ ಹೋಗಿ ಚಕ್ರದ ಮೇಲೆ ಕೈಯಿಟ್ಟು ತಿರುಗಿ ಬಂದೆ. ಶುಕ್ರವಾರವೇ ತಡವಾಗಿತ್ತು ಎಂದು ಈಗ ಗೊತ್ತು.

ಸೋಮವಾರ ಬೆಳಿಗ್ಗೆ ಚಕ್ರ ಸಡಿಲಿಸಿದೆ. ನನ್ನ ಕೈಯಿಂದ ಅಷ್ಟು ಅಚ್ಚುಕಟ್ಟಾದ ಕೆಲಸ ಅದಕ್ಕೆ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ. ಅಂಚುಗಳು ಎಳೆದು ಹಿಡಿದ ದಾರದಂತೆ ನೆಟ್ಟಗಿದ್ದವು. ತೆರೆದೆ. ನೀಲಿ ಗೆರೆಗಳಿದ್ದವು, ಗೆರೆ ಅಕ್ಷರವಲ್ಲ, ಉದುರುವುದಿಲ್ಲ. ಅಂಚಿನ ಕೆಂಪು ಗೀಟಿತ್ತು. ಕಲೆಗಳು ಇದ್ದಲ್ಲೇ ಇದ್ದವು. ಗೆರೆಗಳ ಮೇಲೆ ಏನೂ ಇರಲಿಲ್ಲ. ಎರಡನೇ ಹಾಳೆ, ಮೂರನೇ ಹಾಳೆ, ಮೂವತ್ತನೇ ಹಾಳೆ ತಿರುವಿದೆ. ಹಾಳೆಗಳ ಸಂದಿಯಿಂದ ಬೂದುಬಣ್ಣದ ನುಣುಪಾದ ಪುಡಿ ನನ್ನ ಮಡಿಲಿಗೆ ಸುರಿಯಿತು. ಒಟ್ಟು ಸೇರಿಸಿದರೆ ಒಂದು ಚಿಟಿಕೆ. ಒಬ್ಬ ಹುಡುಗಿಯ ಅಷ್ಟೂ ಮಾತು ಅಷ್ಟೇ ಆಗಿತ್ತು. ನಾನು ಅದನ್ನು ಒಂದು ಕಾಗದದಲ್ಲಿ ಮಡಿಸಿಟ್ಟೆ.

ಫಕೀರವ್ವ ಹೇಳಿದ ಹೊತ್ತಿಗೆ ಬಂದಳು. ಬೆಂಚಿನ ಮೇಲೆ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ಕುಳಿತು, ಸೆರಗು ಹೊದ್ದು, ಕಣ್ಣು ಮುಚ್ಚಿಕೊಂಡಳು. ಪದ್ಮಣ್ಣ ಸರ್ ತಮ್ಮ ಮೇಜಿನಲ್ಲಿ ಓದುತ್ತಿದ್ದರು. ನಾನು ಎದುರು ಕುಳಿತು ನೋಟ್‌ಬುಕ್ ತೆರೆದೆ. ಈ ಹೆಂಗಸಿಗೆ ಅಕ್ಷರ ಬರುವುದಿಲ್ಲ ಎಂಬ ಒಂದೇ ಯೋಚನೆ ತಲೆಯಲ್ಲಿ ಸುತ್ತುತ್ತಿತ್ತು. ಮಾತು ಬಾರದ ಮಗಳು ತಾಯಿಗೆ ಏನು ಬರೆದಾಳು? ಯಾರು ಬೇಕಾದರೂ ಊಹಿಸಬಹುದು. ಖಾಲಿ ಹಾಳೆಯ ಮೇಲೆ ಕಣ್ಣಿಟ್ಟು ಶುರುಮಾಡಿದೆ.

‘ಅವ್ವಾ, ನಿನ್ನ ಕಣ್ಣು ನೋಡಿದರೆ ನನಗೆ ದುಃಖವಾಗುತ್ತದೆ. ದಿನವೆಲ್ಲ ಹೊಗೆಯಲ್ಲಿ…’

ಫಕೀರವ್ವ ಕಣ್ಣು ತೆರೆದಳು.

‘ಆಕಿ ನನ್ನ ಅವ್ವಾ ಅನ್ನಂಗಿಲ್ರಿ’ ಎಂದಳು. ‘ಅವ್ವಾ ಅಂತ ಕರೀತಾರಂತ ಆಕಿ ಕಿವಿಗೆ ಎಂದರ ಬಿದ್ದಿತ್ತೇನು? ಸಾಲಿ ಕಾಗದದಾಗ ನನ್ನ ಹೆಸರ ನೋಡಿ ಫಕೀರಿ ಅಂತ ಬರಿತಿದ್ಳು. ಪುಸ್ತಕ ತುಂಬ ಫಕೀರಿ, ಫಕೀರಿ. ನೀವ ಓದೀನಿ ಅಂದ್ರಿ.’

ಪದ್ಮಣ್ಣ ಸರ್ ಅವರ ತುಟಿ ನಿಂತಿತು. ನಾನು ನೋಟ್‌ಬುಕ್ಕನ್ನು ಅವಳ ಕಡೆ ತಿರುಗಿಸಿದೆ. ಅಕ್ಷರ ಬಾರದವರಿಗೂ ಖಾಲಿ ಹಾಳೆ ಗೊತ್ತಾಗುತ್ತದೆ. ಅವಳು ಒಂದೊಂದೇ ಹಾಳೆಯನ್ನು, ನಾನು ರಿಪೇರಿ ಮಾಡಿದ ಹಾಳೆಯನ್ನು, ಹೆಬ್ಬೆರಳಿನಿಂದ ತಿಕ್ಕಿ ನೋಡುತ್ತ ಹೋದಳು.

‘ತಪ್ಪಾಯಿತು ಅಮ್ಮಾ’ ಎಂದೆ. ‘ನಾನು ಓದಿರಲಿಲ್ಲ. ಬರೀ ನೋಡಿದ್ದೆ.’

ಅವಳು ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಕಾದೆ. ಹಾಗಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನೋಟ್‌ಬುಕ್ಕನ್ನು ಮುಚ್ಚಿ ಮಡಿಲಲ್ಲಿಟ್ಟುಕೊಂಡು, ‘ನಾ ಬಾಯಿಪಾಠ ಮಾಡ್ಲಿಲ್ರಿ’ ಎಂದಳು. ‘ಮಾಸ್ತರು ಅಂತಿದ್ರು, ಬಾಯಿಪಾಠ ಮಾಡ್ಕೊ ಫಕೀರವ್ವ ಅಂತ. ನಾ ಒಲ್ಲೆ ಅಂದೆ. ಬಾಯಾಗ ಇಟ್ಕೊಂಡ್ರ ಅದು ನನ್ನ ಮಾತ ಆಕ್ಕೈತಿ, ಆಕಿದು ಎಲ್ಲಿ ಉಳೀತೈತಿ. ಜೀವಂತ ಇದ್ದಾಗ ಒಂದ ಮಾತ ಕೇಳಲಿಲ್ಲ. ಹೋದ ಹದಿಮೂರನೇ ದಿನಕ್ಕ ಮೊದಲ ಸಲ ಕೇಳಿದೆ.’ ಸೆರಗಿನಿಂದ ಮೂಗು ಒರೆಸಿಕೊಂಡಳು. ‘ನೋಡೀನಿ ಅಂದ್ರಲ್ಲ, ಏನ ನೋಡೀರಿ ಹೇಳ್ರಿ.’

ನಾನು ನನ್ನ ಪರೀಕ್ಷೆಯ ಪುಸ್ತಕ ತಂದು ಓದತೊಡಗಿದೆ. ಒಂದನೇ ಹಾಳೆ, ಮೇಲಿನ ಮೂಲೆ ಹರಿದಿದೆ. ನಾಲ್ಕನೇ ಹಾಳೆ, ಹುಳದ ರಂಧ್ರ ಮೂರು. ಏಳನೇ ಹಾಳೆ, ಬಲಗಡೆ ಎಣ್ಣೆಯ ಕಲೆ, ಬೆರಳಿನ ಗುರುತು.

‘ಚಕ್ಕಲಿ’ ಎಂದಳು ಫಕೀರವ್ವ. ‘ತಿನಕೋತ ಬರಿತಿದ್ಳು. ಕೈ ತೊಳಿ ಅಂತ ಬಡದಿದ್ದೆ.’

ಹನ್ನೆರಡು, ಅರಿಸಿನದ ಕಲೆ. ಇಪ್ಪತ್ತೆರಡು, ಕಿಡಿ ಬಿದ್ದು ಸುಟ್ಟ ತೂತು. ನಾನು ನಿಲ್ಲಿಸಲೇ ಎಂದರೆ ಬೇಡವೆಂದು ಕೈಯಾಡಿಸಿದಳು. ಎಂಬತ್ತೊಂದಕ್ಕೆ ಬಂದೆ. ‘ಎಂಬತ್ತೊಂದನೇ ಹಾಳೆಯಿಂದ ಕೊನೆಯವರೆಗೆ ಬರಹ ಇಲ್ಲ, ಹಾಳೆ ಉತ್ತಮ ಸ್ಥಿತಿಯಲ್ಲಿದೆ’ ಎಂದು ನಾನೇ ಬರೆದುಕೊಂಡಿದ್ದೆ. ಅದನ್ನೂ ಓದಿದೆ.

ಅವಳು ಎದ್ದಳು. ನೋಟ್‌ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡಳು, ನಾನು ಕೊಟ್ಟ ಪುಡಿಯ ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿದಳು. ‘ಮುಂದಿನ ವರ್ಷ ಬರಂಗಿಲ್ರಿ ಅಕ್ಕೋರ, ದಾರಿ ನೋಡಬ್ಯಾಡ್ರಿ’ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡಳು.

ಅವಳು ಹೋದ ಮೇಲೆ ಪದ್ಮಣ್ಣ ಸರ್ ನನ್ನ ಮೇಜಿಗೆ ಬಂದರು. ಬಿಡಿಸಿ ಇಟ್ಟಿದ್ದ ಓದುಚೀಟಿಯನ್ನು ಎತ್ತಿ ನನ್ನ ಕೈಗೆ ಕೊಟ್ಟರು. ‘ಇದನ್ನ ನಿಮ್ಮ ಕಡೆನ ಇಟ್ಕೋರಿ. ವರ್ಷಕ್ಕೊಮ್ಮೆ ಓದ್ರಿ. ಇದ ಉದರಬಾರದು’ ಎಂದರು. ಅವರು ನನಗೆ ಹೇಳಿದ ಕಠಿಣ ಮಾತು ಅದೊಂದೇ. ಮರುವರ್ಷ ನಿವೃತ್ತರಾದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ.

ಈಗ ನಾನೊಬ್ಬಳೇ ಓದುತ್ತೇನೆ, ತುಟಿ ಅಲ್ಲಾಡಿಸಿಕೊಂಡು. ಇಪ್ಪತ್ತೊಂಬತ್ತಕ್ಕೇ ಕನ್ನಡಕ ಬಂದಿದೆ. ಎಷ್ಟು ಒಳಗಿಳಿಸಿಕೊಂಡರೂ ಬೆಳಿಗ್ಗೆ ಕಪಾಟಿನ ಬುಡದ ಪುಡಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ, ಕರಿಬೇವಿನ ಗಿಡ ಮಾಡಿನವರೆಗೆ ಬೆಳೆದಿದೆ. ಪ್ರೆಸ್ಸಿಗೆ ತುಕ್ಕು ಹತ್ತಿದೆ. ಫೆಬ್ರವರಿ ಇಪ್ಪತ್ತಕ್ಕೆ ಡ್ರಾಯರ್ ತೆಗೆದು ಆ ಚೀಟಿ ಓದುತ್ತೇನೆ. ಅದರಲ್ಲಿರುವ ಸುಳ್ಳು ನನ್ನದೊಂದೇ, ಮೇಲಿನ ಒಂಬತ್ತೂ ನಿಜ.

ಫಕೀರವ್ವನ ಭಟ್ಟಿಯಿರುವ ಓಣಿಯನ್ನು ನಾನು ಬಹಳ ದಿನ ತಪ್ಪಿಸಿ ತಿರುಗಾಡಿದೆ. ಎಷ್ಟು ದಿನ ತಪ್ಪಿಸಲಾದೀತು, ಊರು ಸಣ್ಣದು. ಹೋದ ತಿಂಗಳು ಒಂದು ಸಂಜೆ ಎದುರಿಗೇ ಸಿಕ್ಕಿಬಿದ್ದೆ. ‘ಬರ್ರಿ ಅಕ್ಕೋರ’ ಎಂದು ಕರೆದಳು. ಮುದುಕಿಯಾಗಿದ್ದಳು. ಒಗ್ಗರಣೆ ಹಾಕಿದ ಚುರುಮುರಿಯನ್ನು ಒಂದು ಪೊಟ್ಟಣದಲ್ಲಿ ತುಂಬಿ ಕೊಟ್ಟಳು. ಪೊಟ್ಟಣ ಕೈಗೆ ಬಂದ ಕೂಡಲೇ ನನ್ನ ಬೆರಳಿಗೆ ಗೊತ್ತಾಯಿತು. ಅವಳ ಮಗ್ಗುಲಲ್ಲಿ ಮೊಳೆಗೆ ಸಿಕ್ಕಿಸಿದ್ದ ಆ ನೋಟ್‌ಬುಕ್ಕಿನ ಹಾಳೆಗಳು ಇನ್ನು ಏಳೆಂಟು ಉಳಿದಿದ್ದವು.

‘ಆಕಿ ಲಂಗಾ ಕುಬಸಾ ಎಲ್ಲಾ ಅವಾಗ ಕೊಟ್ಟಬಿಟ್ಟಿದ್ದೆ’ ಎಂದಳು, ನನ್ನ ಮುಖ ನೋಡಿ. ‘ಬರೇ ಹಾಳಿ ಇಟ್ಕೊಂಡು ಏನ ಮಾಡ್ಲಿ? ಆದ್ರ ಭಾಳ ಗಟ್ಟಿ ಮಾಡೀರಿ ನೋಡ್ರಿ ಅಕ್ಕೋರ. ಎಣ್ಣಿ ಹತ್ತಿದ್ರೂ ಹರಿಯಂಗಿಲ್ಲ.’

ಅವಳ ಎದುರೇ ನಿಂತು ಕೊನೆಯ ಕಾಳಿನವರೆಗೂ ತಿಂದೆ. ಓಣಿಯ ತಿರುವಿನಲ್ಲಿ ಹಾಳೆ ಬಿಡಿಸಿ ಬೆಳಕಿಗೆ ಹಿಡಿದೆ. ಏಳನೇ ಹಾಳೆ. ಬಲಗಡೆ ಚಕ್ಕಲಿಯ ಎಣ್ಣೆ, ಬೆರಳಿನ ಗುರುತು. ಹರಿದಲ್ಲಿ ಕೂರಿಸಿದ್ದ ನನ್ನ ತೆಳುಕಾಗದದ ಅಂಟು ಎಲ್ಲಿಯೂ ಬಿಟ್ಟಿರಲಿಲ್ಲ.